ತಮಟೆಯ ಕಾವು, ಹಾಡಿನ ಶ್ರುತಿ

ದಲಿತ ಕಾವ್ಯದ ಬಗ್ಗೆ ನಾವು ಬರೆದುಕೊಂಡು ಬಂದಿರುವ ವಿಮರ್ಶೆಯಲ್ಲಿ ಹಾಡುಗಾರಿಕೆಯ ಮಾತು ಹೆಚ್ಚುಕಮ್ಮಿ ಬರುವುದೇ ಇಲ್ಲ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾದದ್ದು 1975ರಲ್ಲಿ. ಅಂದಿನಿಂದ ಅದು ಕಾವ್ಯವೋ ಘೋಷಣೆಯೋ ಎಂಬ ವಾಗ್ವಾದ ಬಿಟ್ಟು ಬಿಟ್ಟು ನಡೆದೇ ಇದೆ. ನವ್ಯದ ಗರಡಿಯಲ್ಲಿ ಪಳಗಿದವರು ಅದರಲ್ಲಿ ಪ್ರತಿಮೆ ಹುಡುಕಿ ನಿರಾಶರಾದರು. ಬಂಡಾಯದವರು ಆಶಯ ಹುಡುಕಿ ಸಮಾಧಾನಪಟ್ಟುಕೊಂಡರು. ಇಬ್ಬರೂ ಪುಸ್ತಕ ಬಿಡಿಸಿ ಕೂತವರೇ. ಶೀರ್ಷಿಕೆಯಲ್ಲೇ ಹಾಡು ಅಂತ ಇದೆಯಲ್ಲ, ಇದನ್ನು ಯಾರು ಹಾಡಿದರು, ಯಾವ ಶ್ರುತಿಗೆ ಹಾಡಿದರು, ಸೊಲ್ಲು ಯಾರು ಹಿಡಿದರು, ತಮಟೆ ಯಾರ ಕೈಲಿತ್ತು ಅಂತ ಕೇಳಿದವರು ಕಡಿಮೆ. ದಲಿತ ಸಂಘರ್ಷ ಸಮಿತಿಯ ಸಭೆ, ಜಾಥಾಗಳಲ್ಲಿ ಈ ಹಾಡುಗಳನ್ನು ಕಿವಿಯಿಂದಲೇ ಕಲಿತ ಎಷ್ಟೋ ಜನ ಆ ಪುಸ್ತಕವನ್ನು ಕಂಡವರೇ ಅಲ್ಲ. ಅವರ ಪಾಲಿಗೆ ಅದರ ಪಠ್ಯ ಇರುವುದು ಗಂಟಲಲ್ಲಿ. ಹಾಗಾಗಿ ಈ ಸಂಚಿಕೆಗೆ ಪುಸ್ತಕವೊಂದರ ಬದಲು ಒಂದು ಹಾಡುತಂಡದ ಒಂದು ವರ್ಷದ ಹಾಡಿಕೆಯನ್ನು ವಿಮರ್ಶೆಗೆ ಎತ್ತಿಕೊಳ್ಳೋಣ ಅನ್ನಿಸಿತು.

ತಂಡ ಪೀಣ್ಯದ ಕಡೆಯದು. ಹೆಸರು ಹೇಳುವುದಿಲ್ಲ, ಹೇಳಿದರೆ ಇದು ವಿಮರ್ಶೆ ಹೋಗಿ ಚಾಡಿಯಾಗಿಬಿಡುತ್ತೆ. ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ರಾಜಗೋಪಾಲನಗರದಲ್ಲಿ ಬಾಡಿಗೆ ಮನೆಗಳಲ್ಲಿರುವ ಇಪ್ಪತ್ತೊಂದು ಜನ. ಅರ್ಧಕ್ಕಿಂತ ಹೆಚ್ಚು ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು. ಉಳಿದವರು ಲೇತ್ ಮಿಶಿನ್ ಮುಂದೆ ನಿಲ್ಲುವ ಹುಡುಗರು, ಒಬ್ಬ ಬಸ್ ಕಂಡಕ್ಟರ್, ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮನೆಯಲ್ಲಿರುವ ಒಬ್ಬ ಹಿರಿಯರು. ಭಾನುವಾರ ಸಂಜೆ ಶೀಟಿನ ಸೂರಿನ ಒಂದು ಕೋಣೆಯಲ್ಲಿ ಅಭ್ಯಾಸ. ಊರೊಳಗಿನ ಸಂಗೀತದವರಿಗೆ ಋತು ಅಂದರೆ ರಾಮನವಮಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಚಪ್ಪರ. ನಮ್ಮ ಪಂಚಾಂಗವೇ ಬೇರೆ. ಅದು ಏಪ್ರಿಲ್ 14ಕ್ಕೆ ಶುರುವಾಗಿ, ಮೇ ಒಂದನೇ ತಾರೀಖು ದಾಟಿ, ನವೆಂಬರಿನ ರಾಜ್ಯೋತ್ಸವಗಳಲ್ಲಿ ಏದುಸಿರು ಬಿಟ್ಟು, ಡಿಸೆಂಬರ್ 6ಕ್ಕೆ ಮುಗಿಯುತ್ತದೆ. 2024ರ ಈ ಋತುವಿಗೆ ತಂಡ ಹೊಸ ನಿರ್ದೇಶಕರೊಬ್ಬರನ್ನು ಕರೆತಂದಿತು. ಸುಗಮ ಸಂಗೀತದವರು, ಹಾರ್ಮೋನಿಯಂ, ಕೀಬೋರ್ಡ್ ಎರಡೂ ಬಲ್ಲವರು, ನಮ್ಮವರಲ್ಲ, ಮೇಲುಜಾತಿಯವರು. ಕಾಸು ಕೇಳಲಿಲ್ಲ. ಅದುವರೆಗೆ ತಂಡದಲ್ಲಿ ನಿರ್ದೇಶಕ ಎಂಬ ಹುದ್ದೆಯೇ ಇರಲಿಲ್ಲ. ಹಿರಿಯರು ಎತ್ತುತ್ತಿದ್ದರು, ಮಿಕ್ಕವರು ಹಿಡಿಯುತ್ತಿದ್ದರು. ನಾನು ಹಾಡುವವನಲ್ಲ. ಆದರೆ ಆ ವರ್ಷದ ನಾಲ್ಕು ಕಾರ್ಯಕ್ರಮಗಳನ್ನೂ ಏಳೆಂಟು ಅಭ್ಯಾಸಗಳನ್ನೂ ಕೂತು ಕೇಳಿದ್ದೇನೆ.

ನಿರ್ದೇಶಕರು ಅಂದ ಕೂಡಲೇ ನಮ್ಮ ಗೆಳೆಯರಲ್ಲಿ ಕೆಲವರು 'ಹಾಡಿಗೂ ಪುರೋಹಿತ ಬಂದ' ಎಂದರು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಲ್ಲಿ ಮುಂದಾಳು ಇಲ್ಲವೆ? ತಂಬೂರಿ ಅವನ ಕೈಲೇ ಇರುತ್ತದೆ, ಕತೆಯ ದಾರಿಯೂ ಅವನದೇ. ಸೋಬಾನೆಯಲ್ಲೂ ಎತ್ತಿಕೊಡುವವಳು ಒಬ್ಬಳಿರುತ್ತಾಳೆ. ವ್ಯತ್ಯಾಸ ಇರುವುದು ಬೇರೆ ಕಡೆ. ನೀಲಗಾರ ಒಂದು ಸಾಲು ಹೇಳಿ ನಿಲ್ಲಿಸುತ್ತಾನೆ. ಹಿಮ್ಮೇಳ ಆ ಸಾಲಿನ ಬಾಲ ಹಿಡಿದು ಸೊಲ್ಲು ಹೇಳುತ್ತದೆ. ಅಷ್ಟು ಹೊತ್ತಿನಲ್ಲಿ ಮುಂದಿನ ಸಾಲು ಅವನ ಬಾಯಿಗೆ ಬರುತ್ತದೆ. ಅಂದರೆ ಸೊಲ್ಲು ಅಲ್ಲಿ ಅಲಂಕಾರವಲ್ಲ, ಕತೆ ಎಳೆಯುವ ಎತ್ತು. ಸೊಲ್ಲು ನಿಂತರೆ ಕತೆಯೂ ನಿಲ್ಲುತ್ತದೆ. ಎದುರು ಕೂತ ಯಾರು ಬೇಕಾದರೂ ಸೊಲ್ಲಿಗೆ ದನಿ ಕೂಡಿಸಬಹುದು. ಹೋರಾಟದ ಹಾಡುಗಳು ಎಪ್ಪತ್ತರ ದಶಕದಲ್ಲಿ ಈ ಕಟ್ಟನ್ನು ಎಲ್ಲಿಂದಲೋ ಆಮದು ಮಾಡಿಕೊಳ್ಳಲಿಲ್ಲ, ಕೇರಿಯಿಂದ ಎತ್ತಿಕೊಂಡು ಬಂದವು. ಆದ್ದರಿಂದ ಒಬ್ಬ ನಿರ್ದೇಶಕನನ್ನು ಅಳೆಯುವುದಾದರೆ ಅವನ ಜಾತಿಯಿಂದಲೂ ಅಲ್ಲ, ಅವನು ಕಲಿತ ವಿದ್ಯೆಯಿಂದಲೂ ಅಲ್ಲ. ಸೊಲ್ಲನ್ನು ಏನು ಮಾಡಿದ ಎಂಬುದರಿಂದ ಅಳೆಯಬೇಕು.

ಏಪ್ರಿಲ್ 14ರ ರಾತ್ರಿ ಪೀಣ್ಯದ ಒಂದು ಬೀದಿಯಲ್ಲಿ ಶಾಮಿಯಾನ. ಹೊಸಬರು ಮಾಡಿದ ಮೊದಲ ಬದಲಾವಣೆ ಅಂದೇ ಕಿವಿಗೆ ಬಿತ್ತು. ನಮ್ಮ ತಂಡಗಳೆಲ್ಲ ಶುರುವಾಗಿದ್ದು ಗಂಡಸರಿಂದ. ಗಂಡಸರು ಹಾರ್ಮೋನಿಯಂನ ಬಿಳಿ ಒಂದು, ಕಪ್ಪು ಒಂದಕ್ಕೆ ಶ್ರುತಿ ಇಟ್ಟುಕೊಂಡು ತಾರಕ್ಕೆ ಏರಿ ಕೂಗುವುದೇ ಹೋರಾಟದ ಹಾಡಿನ ಮರ್ಜಿ ಆಯಿತು. ಆ ಶ್ರುತಿಯಲ್ಲಿ ಹೆಂಗಸರು ಕೆಳಗಿಳಿದು ಹಾಡಿದರೆ ದನಿ ಏಳುವುದಿಲ್ಲ, ಮೇಲೇರಿದರೆ ಕಿರುಚಾಗುತ್ತದೆ. ಹೀಗಾಗಿ ಅವರು ತುಟಿ ಆಡಿಸುತ್ತ ಸಾಲಿನಲ್ಲಿ ನಿಂತಿರುವುದು ರೂಢಿಯಾಯಿತು. ವೇದಿಕೆಯಲ್ಲಿ ಹನ್ನೆರಡು ಜನ ಹೆಂಗಸರು, ಮೈಕಿನಲ್ಲಿ ನಾಲ್ಕು ಜನ ಗಂಡಸರ ದನಿ. ಎಷ್ಟು ವರ್ಷ ಇದನ್ನು ಕಂಡಿಲ್ಲ ನಾವು? ಹೊಸ ನಿರ್ದೇಶಕರು ಮೊದಲ ಅಭ್ಯಾಸದಲ್ಲೇ ಒಬ್ಬೊಬ್ಬರನ್ನೂ ಕರೆದು ಕೆಳಗಿನ ಸ್ವರ ಯಾವುದು ನಿಲ್ಲುತ್ತೆ, ಮೇಲಿನದು ಯಾವುದು ನಿಲ್ಲುತ್ತೆ ಅಂತ ಹಾಡಿಸಿ ಬರೆದುಕೊಂಡರು. ಆಮೇಲೆ ಅರ್ಧದಷ್ಟು ಹಾಡುಗಳ ಶ್ರುತಿಯನ್ನು ಬಿಳಿ ನಾಲ್ಕು, ಬಿಳಿ ಐದಕ್ಕೆ ಸರಿಸಿ, ಎತ್ತುವ ಕೆಲಸವನ್ನು ಹೆಂಗಸರಿಗೆ ಕೊಟ್ಟು, ಗಂಡಸರಿಗೆ ಕೆಳಗಿನ ಸ್ಥಾಯಿ ಹಿಡಿಯಿರಿ ಎಂದರು. ಗಂಡಸರು ಗೊಣಗಿದರು. ಹೊಲಿಗೆ ಮಿಶಿನ್ನಿನ ಮೇಲೆ ದಿನಕ್ಕೆ ಎಂಟೊಂಬತ್ತು ಗಂಟೆ ಬಗ್ಗಿ ಕೂರುವ ಒಬ್ಬಾಕೆ, 'ಮೇಷ್ಟ್ರೇ, ಇದು ನಮ್ ಗಂಟ್ಲಿಗೆ ಅಳತೆ ತಗೊಂಡು ಹೊಲ್ದಂಗದೆ' ಎಂದಳು. ಈ ಒಂದು ವಾಕ್ಯಕ್ಕೆ ನಮ್ಮಲ್ಲಿನ ಯಾವ ವಿಮರ್ಶೆಯೂ ಸಮನಲ್ಲ.

ಇದನ್ನು ಬರೀ ಸಂಗೀತದ ವಿಷಯ ಅಂತ ಬದಿಗಿಡುವಂತಿಲ್ಲ. 2016ರ ಏಪ್ರಿಲ್ 18, 19ರಂದು ಭವಿಷ್ಯ ನಿಧಿಯ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಹಾಕಿದ ನಿರ್ಬಂಧದ ವಿರುದ್ಧ ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. ಯಾವ ದೊಡ್ಡ ಸಂಘಟನೆಯೂ ಅವರನ್ನು ಕರೆದಿರಲಿಲ್ಲ. ಎರಡನೇ ದಿನವೇ ಕೇಂದ್ರ ಆ ಆದೇಶವನ್ನು ಹಿಂದಕ್ಕೆ ತೆಗೆದುಕೊಂಡಿತು. ಹಿಂದೆ 1980–81ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದರು. ಅದಕ್ಕೆ ನಾಯಕರಿದ್ದರು, ಬಾವುಟವಿತ್ತು, ಹಾಡೂ ಇತ್ತು. 2016ರ ಹೆಂಗಸರು ಗೆದ್ದರೂ ಅವರಿಗೆ ಅಂತ ಒಂದು ಹಾಡು ಉಳಿಯಲಿಲ್ಲ. ಕಾರಣ ಹಲವಿರಬಹುದು. ಹಾಡುತಂಡಗಳ ಶ್ರುತಿಪೆಟ್ಟಿಗೆ ಗಂಡಸರ ಮನೆಯಲ್ಲಿ ಇದ್ದದ್ದು ಅದರಲ್ಲಿ ಒಂದು ಎಂದು ನನಗೆ ಅನ್ನಿಸುತ್ತದೆ. ಶಾಸ್ತ್ರ ಕಲಿಯುವುದೇ ವೈದಿಕಕ್ಕೆ ಶರಣಾಗುವುದು ಎಂದು ವಾದಿಸುವವರು ಈ ಏಪ್ರಿಲ್ ರಾತ್ರಿಗೆ ಉತ್ತರ ಹೇಳಬೇಕು. ಶ್ರುತಿ ಜ್ಞಾನ ಯಾವ ಜಾತಿಯ ಸ್ವತ್ತೂ ಅಲ್ಲ. ಅದನ್ನು ಬಚ್ಚಿಟ್ಟುಕೊಂಡಿದ್ದ ಜಾತಿಗಳಿವೆ, ಅಷ್ಟೆ.

ಇನ್ನು ತಮಟೆಯ ಮಾತು. ಇಲ್ಲಿ ನಮ್ಮ ಮನೆಯೊಳಗಿನ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹಳ್ಳಿಯಲ್ಲಿ ಸಾವಿಗೆ, ಜಾತ್ರೆಗೆ ತಮಟೆ ಬಡಿಯುವುದು ಮಾದಿಗರ ಮೇಲೆ ಹೇರಿದ ಚಾಕರಿಯಾಗಿತ್ತು. ಇನ್ನು ಬಡಿಯುವುದಿಲ್ಲ ಎಂದು ತಮಟೆ ಕೆಳಗಿಟ್ಟು ಬಹಿಷ್ಕಾರ ಉಂಡ ಕೇರಿಗಳು ಉಂಟು. ಅದೇ ತಮಟೆಯನ್ನು ಚಳವಳಿ ತನ್ನ ದನಿಯೆಂದು ವೇದಿಕೆಗೆ ತಂದಿತು. ಬಿಟ್ಟದ್ದೂ ಸರಿ, ಹಿಡಿದದ್ದೂ ಸರಿ. ಎರಡರ ನಡುವೆ ಇರುವ ನೋವನ್ನು ಮಾತ್ರ ನಾವು ಯಾವತ್ತೂ ಕೂತು ಮಾತಾಡಲಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂದಾಗ ಎಲ್ಲರೂ ಸಂಭ್ರಮಿಸಿದೆವು. ಆದರೆ ನಮ್ಮ ಪೀಣ್ಯದ ತಂಡದ ಕತೆ ಕೇಳಿ. ಹಾಡುವವರು ತಂಡದ ಸದಸ್ಯರು. ತಮಟೆಯವರು ನೆಲಮಂಗಲದ ಕಡೆಯಿಂದ ಕಾರ್ಯಕ್ರಮದ ದಿನ ಕೂಲಿಗೆ ಬರುವವರು. ಹಾಡುವವರಲ್ಲಿ ಹೆಚ್ಚಿನವರು ಬಲಗೈ, ಬಡಿಯುವವರು ಎಡಗೈ. ಇದನ್ನು ಯಾರೂ ತೀರ್ಮಾನ ಮಾಡಿ ಮಾಡಿದ್ದಲ್ಲ, ಹಾಗೇ ನಡೆದುಕೊಂಡು ಬಂದದ್ದು. 'ಹಾಗೇ ನಡೆದುಕೊಂಡು ಬಂದದ್ದು' ಎಂಬ ಮಾತು ನಮಗೆ ಬೇರೆ ಕಡೆಯಿಂದ ಚೆನ್ನಾಗಿ ಪರಿಚಯವಿದೆಯಲ್ಲ! ಸಿದ್ಧಲಿಂಗಯ್ಯನವರು ತಮ್ಮ ಪುಸ್ತಕದ ಹೆಸರಿನಲ್ಲಿ ಎರಡು ಜಾತಿಗಳ ಹೆಸರನ್ನು ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆದು ಐವತ್ತು ವರ್ಷವಾಯಿತು. ಹಾಡುತಂಡದಲ್ಲಿ ಆ ಜಾಗ ಇನ್ನೂ ಇತ್ತು.

ನಿರ್ದೇಶಕರಿಗೆ ಇದೆಲ್ಲ ಗೊತ್ತಿರಲಿಲ್ಲ. ಅವರು ತಮ್ಮ ವೃತ್ತಿಯ ಶಿಸ್ತಿನಿಂದ ಒಂದು ಮಾತು ಹೇಳಿದರು: ವಾದ್ಯದವರು ಅಭ್ಯಾಸಕ್ಕೆ ಬರದಿದ್ದರೆ ನಾನು ಕಾರ್ಯಕ್ರಮ ಒಪ್ಪುವುದಿಲ್ಲ. ಹೀಗೆ ಮೊದಲ ಬಾರಿಗೆ ತಮಟೆಯ ಮೂವರು ಭಾನುವಾರ ಸಂಜೆ ಶೀಟಿನ ಕೋಣೆಗೆ ಬಂದು ಚಾಪೆಯ ಮೇಲೆ ಕೂತರು, ಟೀ ಕುಡಿದರು, ಹಾಡಿನ ಸಾಹಿತ್ಯ ಕೇಳಿದರು. ಅವರಲ್ಲಿ ಹಿರಿಯರು ಒಂದು ಹಾಡಿನ ನಡೆ ತಪ್ಪಿದೆ, ಅದು ಮೂರರ ನಡೆ, ನೀವು ನಾಲ್ಕಕ್ಕೆ ಎಳೆಯುತ್ತಿದ್ದೀರಿ ಎಂದು ತೋರಿಸಿಕೊಟ್ಟರು. ನಿರ್ದೇಶಕರು ಒಪ್ಪಿ ತಿದ್ದಿಕೊಂಡರು. ಅದೇ ವರ್ಷದ ಆಗಸ್ಟ್ 1ಕ್ಕೆ ಒಳಮೀಸಲಾತಿಯ ಬಗ್ಗೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಆ ವಾರದ ಅಭ್ಯಾಸದಲ್ಲಿ ಯಾರೂ ಯಾರ ಮುಖ ನೋಡಲಿಲ್ಲ. ಹಾಡೇನೋ ನಡೆಯಿತು. ಹೊರಗಿನವರೊಬ್ಬರು ನಮ್ಮಿಬ್ಬರನ್ನು ಒಂದೇ ಚಾಪೆಗೆ ತಂದರು ಅನ್ನುವುದು ಹೆಮ್ಮೆಯ ಮಾತೇನಲ್ಲ. ಆದರೆ ನಡೆದದ್ದು ಹಾಗೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಒಂದು ಅಭಿನಂದನಾ ಪತ್ರವಾಗುತ್ತಿತ್ತು. ಮೇ ದಿನದ ಕಾರ್ಯಕ್ರಮದ ಬಗ್ಗೆ ಹೇಳುವುದು ಹೆಚ್ಚಿಲ್ಲ, ಬಿಸಿಲಿತ್ತು, ಜನ ಕಡಿಮೆ ಇದ್ದರು. ಪೆಟ್ಟು ಬಿದ್ದದ್ದು ನವೆಂಬರಿನಲ್ಲಿ.

ನವೆಂಬರಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ರಾಜ್ಯೋತ್ಸವಕ್ಕೆ ತಂಡಕ್ಕೆ ಆಹ್ವಾನ ಬಂತು. 1978ರಲ್ಲಿ ಕಿಯೋನಿಕ್ಸ್ ಈ ಸಿಟಿಗೆ ಬುನಾದಿ ಹಾಕಿದ 332 ಎಕರೆ ಇರುವುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ. ಕಂಪ್ಯೂಟರಿನವರು ಬಂದರೂ ಅಗ್ರಹಾರದ ಹೆಸರು ಅಗ್ರಹಾರವಾಗಿಯೇ ಉಳಿದಿದೆ, ಇರಲಿ. ಸಭಾಂಗಣ ದೊಡ್ಡದು, ತಣ್ಣಗಿತ್ತು. ತಮಟೆಗೆ ಚರ್ಮ ಬಿಗಿಯಾಗಬೇಕಾದರೆ ಬೆಂಕಿಯ ಕಾವು ಬೇಕು. ಒಣಹುಲ್ಲೋ ಕಾಗದವೋ ಉರಿಸಿ ಕಾಯಿಸಬೇಕು, ಆರಿದರೆ ಮತ್ತೆ ಕಾಯಿಸಬೇಕು. ಒಳಗೆ ಬೆಂಕಿ ಹಚ್ಚುವಂತಿಲ್ಲ, ಹೊಗೆ ಕಂಡರೆ ಗಂಟೆ ಬಡಿದುಕೊಳ್ಳುವ ಯಂತ್ರವಿದೆ. ತಮಟೆಯವರು ಗೇಟಿನಾಚೆ ಹಳೇ ಪೇಪರು ಉರಿಸಿ ಕಾಯಿಸಿಕೊಂಡು, ಸೆಕ್ಯುರಿಟಿಯವರು ಚೀಲ ತಡಕಿ, ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು, ಪಾಸು ಕೊಟ್ಟು ಒಳಗೆ ಬಿಡುವಷ್ಟರಲ್ಲಿ ಕಾವು ಆರಿತ್ತು. ಬಡಿದರೆ ಅದು ತಮಟೆಯ ದನಿಯಲ್ಲ, ರಟ್ಟಿನ ಡಬ್ಬದ ದನಿ. ಕೀಬೋರ್ಡಿನಲ್ಲಿ ತಮಟೆಯ ಪೆಟ್ಟು ಇದೆ, ಅದನ್ನೇ ಹಾಕೋಣ ಎಂದರು ನಿರ್ದೇಶಕರು. ಹಿರಿಯ ತಮಟೆಯವರು, 'ಇದು ಕಾವು ಕೇಳ್ತದೆ ಸಾರ್, ಕರೆಂಟ್ ಕೇಳಲ್ಲ' ಎಂದು ಹೇಳಿ ವೇದಿಕೆಯ ಪಕ್ಕ ಹೋಗಿ ನಿಂತುಕೊಂಡರು. ಇತ್ತೀಚೆಗೆ ಬಂದಿರುವ ಫೈಬರ್ ಹೊದಿಕೆಯ ತಮಟೆ ತಂದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ ಅಂತ ಆಮೇಲೆ ಹಲವರು ಹೇಳಿದರು. ಇರಬಹುದು. ಆದರೆ ಒಂದು ಸಭಾಂಗಣ ಯಾವ ವಾದ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು ಎಂಬ ಪ್ರಶ್ನೆ ಫೈಬರಿನಿಂದ ಮುಚ್ಚಿಹೋಗುವುದಿಲ್ಲ.

ತಮಟೆಯಾದರೂ ಹೊರಗಿನ ಅಡಚಣೆ. ಸೊಲ್ಲಿಗೆ ಬಿದ್ದ ಕತ್ತರಿ ನಿರ್ದೇಶಕರ ಸ್ವಂತ ತೀರ್ಮಾನ. ಸಂಘಟಕರು ತಂಡಕ್ಕೆ ಕೊಟ್ಟದ್ದು ಇಪ್ಪತ್ತೈದು ನಿಮಿಷ. ಆರು ಹಾಡು ಹಿಡಿಸಬೇಕು. ಒಂದೊಂದಕ್ಕೆ ನಾಲ್ಕು ನಿಮಿಷ. ಸಾಹಿತ್ಯ ಕತ್ತರಿಸುವುದು ಅಗೌರವ ಎಂದು ಅವರು ಪುನರಾವರ್ತನೆಗಳನ್ನು ಕತ್ತರಿಸಿದರು. ಅವರ ದೃಷ್ಟಿಯಲ್ಲಿ ಇದು ಕವಿಗೆ ತೋರಿದ ಮರ್ಯಾದೆ. ಪುಸ್ತಕ ಬಿಡಿಸಿ ಕೂತ ನಮ್ಮ ವಿಮರ್ಶಕರೂ ಹೀಗೇ ಮಾಡುತ್ತಿದ್ದರು ಅನ್ನಿ. ಆ ಕಾರ್ಯಕ್ರಮ ಶುರುವಾದದ್ದು ನಾಡಗೀತೆಯಿಂದ. ಕುವೆಂಪು ಅವರ ಆ ಗೀತೆಯ ಧಾಟಿ ಮೈಸೂರು ಅನಂತಸ್ವಾಮಿಯವರದ್ದಿರಬೇಕೋ ಸಿ. ಅಶ್ವತ್ಥ್ ಅವರದ್ದೋ ಎಂದು ವರ್ಷಗಟ್ಟಲೆ ಜಗಳವಾಗಿ, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶ ಹೊರಡಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ನಾಡಗೀತೆಗೆ ಇದು ಸರಿಯೇ, ಜನ ನೆಟ್ಟಗೆ ನಿಂತು ಹಾಡಬೇಕಾದ ಹಾಡು, ಮಕ್ಕಳು ಬಿಸಿಲಿನಲ್ಲಿರುತ್ತಾರೆ. ಆದರೆ ಅದೇ ಅಳತೆ ಹೋರಾಟದ ಹಾಡಿಗೆ ಬಂದರೆ? ನಲವತ್ತೇಳರ ಸ್ವಾತಂತ್ರ್ಯ ಯಾರ ಮನೆಗೆ ಹೋಯಿತು ಎಂದು ಕೇಳುವ ಸಿದ್ಧಲಿಂಗಯ್ಯನವರ ಹಾಡನ್ನು ತೆಗೆದುಕೊಳ್ಳಿ. ಅದು ಪ್ರಶ್ನೆ. ಪ್ರಶ್ನೆಯನ್ನು ಒಂದು ಸಲ ಕೇಳಿ ಮುಂದೆ ಹೋದರೆ ಅದು ಮಾಹಿತಿ. ಹತ್ತು ಸಲ ಕೇಳಿದಾಗ, ಎದುರು ಕೂತವರೂ ಕೇಳತೊಡಗಿದಾಗ, ಅದು ವಿಚಾರಣೆ. ಅಂದು ಸಭಾಂಗಣದಲ್ಲಿ ಆ ಹಾಡು ಶುದ್ಧವಾಗಿ, ಶ್ರುತಿಬದ್ಧವಾಗಿ, ನಾಲ್ಕು ನಿಮಿಷದಲ್ಲಿ ಮುಗಿಯಿತು. ಚಪ್ಪಾಳೆ ಬಂತು. ಸೊಲ್ಲು ಹಿಡಿಯಲು ಬಾಯಿ ತೆರೆದ ಹಿಂದಿನ ಸಾಲಿನ ಕ್ಯಾಂಟೀನ್ ಹುಡುಗರು ಬಾಯಿ ತೆರೆದಂತೆಯೇ ಉಳಿದರು.

ಇಂಥದ್ದು ನಮಗೊಬ್ಬರಿಗೇ ಆದದ್ದಲ್ಲ. ಅಮೆರಿಕದ ನ್ಯಾಶ್‌ವಿಲ್ ಊರಿನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ 1866ರಲ್ಲಿ ಫಿಸ್ಕ್ ಎಂಬ ವಿದ್ಯಾಸಂಸ್ಥೆ ಶುರುವಾಯಿತು. ಅದು ಸಾಲದಲ್ಲಿ ಮುಳುಗುತ್ತಿದ್ದಾಗ ಖಜಾಂಚಿ ಜಾರ್ಜ್ ವೈಟ್ ಎಂಬ ಬಿಳಿಯ 1871ರಲ್ಲಿ ವಿದ್ಯಾರ್ಥಿಗಳ ಒಂದು ಹಾಡುತಂಡ ಕಟ್ಟಿಕೊಂಡು ಹಣ ಸಂಗ್ರಹಕ್ಕೆ ಹೊರಟ. ಮೊದಮೊದಲು ಅವರು ಹಾಡಿದ್ದು ಬಿಳಿಯರ ಹಾಡುಗಳನ್ನೇ. ತಂದೆತಾಯಿಗಳ ಗುಲಾಮಗಿರಿಯ ಹಾಡನ್ನು ಹೊರಗಿನವರ ಮುಂದೆ ಹಾಡಲು ಆ ಮಕ್ಕಳಿಗೆ ಮನಸ್ಸಿರಲಿಲ್ಲ. ಅದು ನೋವಿನ ಸ್ವತ್ತು, ದೇವರ ಸ್ವತ್ತು. ನಮ್ಮ ಹುಡುಗರು ತಮಟೆ ಮುಟ್ಟಲು ಹಿಂಜರಿಯುವುದನ್ನು ನೋಡಿದಾಗಲೆಲ್ಲ ನನಗೆ ಇವರ ನೆನಪಾಗುತ್ತದೆ. ಕೊನೆಗೆ ಜನ ಮೆಚ್ಚಿದ್ದು ಆ ಹಾಡುಗಳನ್ನೇ. ಯುರೋಪಿನವರೆಗೂ ಹೋದರು, ಹಾಡಿದ ದುಡ್ಡಿನಿಂದ ಕಾಲೇಜಿನ ದೊಡ್ಡ ಕಟ್ಟಡ ಎದ್ದಿತು. ಹಾಡು ಮಾತ್ರ ಆ ದಾರಿಯಲ್ಲಿ ಮೆಲ್ಲಗೆ ಬೇರೆಯಾಯಿತು. 1934ರಲ್ಲಿ ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ ಒಂದು ಲೇಖನ ಬರೆದು, ಕಛೇರಿಯ ತಂಡಗಳು ಹಾಡುತ್ತಿರುವುದು ಆ ಹಳೆಯ ಹಾಡಲ್ಲ, ಅದರ ಮೇಲೆ ಕಟ್ಟಿದ ಹೊಸದೊಂದು ಎಂದು ವಾದಿಸಿದಳು. ಜನ ಹಾಡುವಾಗ ಒಂದು ಸಲ ಹಾಡಿದಂತೆ ಇನ್ನೊಂದು ಸಲ ಇರುವುದಿಲ್ಲ, ಸ್ವರಗಳು ಒಂದಕ್ಕೊಂದು ಉಜ್ಜುತ್ತವೆ, ಆ ಒರಟೇ ಅದರ ಜೀವ ಎನ್ನುವುದು ಅವಳ ನಿಲುವು. ಒಂದು ಮಾತನ್ನು ನಾನು ಸೇರಿಸುತ್ತೇನೆ: ಫಿಸ್ಕಿನ ಮಕ್ಕಳು ಹಾಗೆ ಹಾಡದಿದ್ದರೆ ಆ ಕಾಲೇಜು ಉಳಿಯುತ್ತಿರಲಿಲ್ಲವೇನೋ. ಹರ್ಸ್ಟನ್ ಹೇಳಿದ್ದು ಸರಿ, ಫಿಸ್ಕಿನವರು ಮಾಡಿದ್ದೂ ತಪ್ಪಲ್ಲ. ಇಂಥ ಇಕ್ಕಟ್ಟಿನಲ್ಲಿ ಒಂದೇ ಪಕ್ಷ ಹಿಡಿಯುವ ವಿಮರ್ಶೆ ಸುಲಭದ್ದು.

ಸುಗಮ ಸಂಗೀತವನ್ನು ಇಡಿಯಾಗಿ ತಳ್ಳಿಹಾಕುವ ಅಭ್ಯಾಸವೂ ನಮ್ಮಲ್ಲಿದೆ. ಅಶ್ವತ್ಥ್ ಅವರನ್ನೇ ನೋಡಿ. ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ ದೂರವಾಣಿನಗರದ ಐಟಿಐ ಇದೆಯಲ್ಲ, ಅಶ್ವತ್ಥ್ ಬದುಕಿನ ಬಹುಭಾಗ ದುಡಿದದ್ದು ಆ ಐಟಿಐನಲ್ಲಿ. ಅವರ ಕಂಠ ಕಛೇರಿಯ ನಯದ ಕಂಠವಲ್ಲ. ಶರೀಫರ ಪದಗಳನ್ನು ಅವರು ಎದೆಯಿಂದ ಎತ್ತಿ ಬಿಸಾಡುವಂತೆ ಹಾಡಿದರು, ಹಿಮ್ಮೇಳಕ್ಕೂ ಕೆಲಸ ಕೊಟ್ಟರು. 2005ರಲ್ಲಿ ಅರಮನೆ ಮೈದಾನದಲ್ಲಿ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಸೇರಿದ ಜನಸಾಗರ ಭಾವಗೀತೆಗೆ ಹಿಂದೆಂದೂ ಸೇರಿರಲಿಲ್ಲ. ಅಲ್ಲಿ ಜನವೂ ಹಾಡಿದರು. ಆದರೆ ಅವರಿಗೆ ಆಗಲೇ ಕ್ಯಾಸೆಟ್ಟಿನಿಂದ ಪಾಠವಾಗಿದ್ದ ಹಾಡನ್ನು, ಕ್ಯಾಸೆಟ್ಟಿನಲ್ಲಿದ್ದಂತೆಯೇ ಹಾಡಿದರು. ಹಾಡು ಅವರನ್ನು ಕೂಡಿಸಿತು ನಿಜ. ಹಾಡನ್ನು ಅವರು ಎಳೆದು ಬೇರೆ ಕಡೆ ತಿರುಗಿಸಲು ಬರುವಂತಿರಲಿಲ್ಲ. ಕೇರಿಯ ಸೊಲ್ಲಿಗೂ ಮೈದಾನದ ಸೊಲ್ಲಿಗೂ ನಾನು ಕಾಣುವ ವ್ಯತ್ಯಾಸ ಇದು.

ಇದನ್ನು ನನಗಿಂತ ಸ್ಪಷ್ಟವಾಗಿ ಹೇಳಿದವರು ನೆರೆಯ ತಮಿಳುನಾಡಿನಲ್ಲಿದ್ದರು. ಕ್ವಾಯರ್ ಎಂಬ ಪದ ನಮ್ಮ ಕಡೆಗೆ ಬಂದದ್ದು ಚರ್ಚಿನಿಂದ. 1880ರ ದಶಕದಲ್ಲಿ ಆಂಗ್ಲೋ-ಇಂಡಿಯನ್ನರಿಗೆಂದು ಮೈಸೂರು ಅರಸರು ಕೊಟ್ಟ ನೆಲದಲ್ಲಿ ಹುಟ್ಟಿದ ವೈಟ್‌ಫೀಲ್ಡಿನಲ್ಲಿ ಈಗಲೂ ಡಿಸೆಂಬರ್ ಬಂತೆಂದರೆ ಕ್ವಾಯರುಗಳ ಕಾಲ. ತಮಿಳು ಚರ್ಚುಗಳಲ್ಲಿ ಪಾಶ್ಚಾತ್ಯ ಹಾಡುಗಳ ಜೊತೆಗೆ ಕರ್ನಾಟಕ ಸಂಗೀತದ ಕೀರ್ತನೆಗಳು ಬೇರೂರಿದ್ದವು. ಅವನ್ನು ತಂದವರಲ್ಲಿ ಮೇಲುಜಾತಿಯಿಂದ ಮತಾಂತರವಾದವರು ಮುಖ್ಯರು. ಮದುರೆಯ ದೈವಶಾಸ್ತ್ರ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ದಲಿತ ಚಿಂತಕ ಥಿಯೋಫಿಲಸ್ ಅಪ್ಪಾವು ಇದಕ್ಕೆ ತಿರುಗಿಬಿದ್ದರು. 2005ರಲ್ಲಿ ತೀರಿಕೊಂಡ ಅವರು ಜನಪದ ಧಾಟಿಯಲ್ಲೇ ಆರಾಧನೆಯ ಹಾಡು ಕಟ್ಟಿದರು. ಅವರ ವಾದ ಜಾನಪದ ಚೆಂದ ಎಂಬುದಲ್ಲ. ಕೇಳಿದವನು ಅದನ್ನು ತನಗೆ ಬೇಕಾದಂತೆ ಮರಳಿ ಕಟ್ಟಿಕೊಳ್ಳಬಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ, ಬಿಡುಗಡೆಯ ಹಾಡಿಗೆ ಈ ಗುಣ ಇರಲೇಬೇಕು ಎಂಬುದು. ಈ ಅಳತೆಗೋಲಿನಿಂದ ನೋಡಿದರೆ ನಮ್ಮ ನಿರ್ದೇಶಕರ ಏಪ್ರಿಲ್ ಮತ್ತು ನವೆಂಬರ್ ಎರಡೂ ಅರ್ಥವಾಗುತ್ತವೆ. ಏಪ್ರಿಲ್‌ನಲ್ಲಿ ಅವರು ಹಾಡಿಗೆ ಇನ್ನಷ್ಟು ಗಂಟಲುಗಳನ್ನು ಸೇರಿಸಿದರು. ನವೆಂಬರಿನಲ್ಲಿ ಹಾಡಿನ ಬಾಗಿಲು ಹಾಕಿದರು. ಎರಡೂ ಕೆಲಸಕ್ಕೆ ಬಳಸಿದ್ದು ಒಂದೇ ವಿದ್ಯೆಯನ್ನು.

ಡಿಸೆಂಬರ್ 6ರ ಸಂಜೆ, ಮತ್ತೆ ಪೀಣ್ಯ. ಬಾಬಾಸಾಹೇಬರ ಪ್ರತಿಮೆಯ ಮುಂದೆ ಮೇಣದ ಬತ್ತಿ. ಕೀಬೋರ್ಡು ಇರಲಿಲ್ಲ, ಪಕ್ಕದಲ್ಲೇ ಬೆಂಕಿ ಇತ್ತು, ತಮಟೆ ಕಾದಿತ್ತು. ನವೆಂಬರಿನ ನಂತರ ತಂಡದೊಳಗೆ ಗಟ್ಟಿ ಮಾತುಕತೆಯಾಗಿ, ಹಾಡುಗಳ ಉದ್ದವನ್ನು ಆಯಾ ಜಾಗದಲ್ಲಿ ಹಾಡುವವರೇ ತೀರ್ಮಾನಿಸುವುದು ಎಂದಾಗಿತ್ತು. ನಿರ್ದೇಶಕರು ಇದಕ್ಕೆ ಬೇಜಾರು ಮಾಡಿಕೊಂಡರೋ ಇಲ್ಲವೋ ತಿಳಿಯದು. ಬಂದರು, ಹಾರ್ಮೋನಿಯಂನಲ್ಲಿ ಶ್ರುತಿ ಕೊಟ್ಟರು, ಕೆಳಗೆ ಜನರ ನಡುವೆ ಹೋಗಿ ಕೂತರು. ಐದನೆಯ ಹಾಡನ್ನು ಹೆಂಗಸರು ಬಿಳಿ ಐದಕ್ಕೆ ಎತ್ತಿದರು. ನಾಲ್ಕು ನಿಮಿಷದ ಆ ಹಾಡು ಹನ್ನೊಂದು ನಿಮಿಷ ನಡೆಯಿತು. ಮಜಾ ಅಂದರೆ, ಸೊಲ್ಲು ಹಿಡಿಯಲು ಹೋದ ಗಂಡಸರಿಗೆ ಮೊದಲು ಆಗಲೇ ಇಲ್ಲ. ಬರೀ ತಮ್ಮ ಶ್ರುತಿಗೆ ಒಗ್ಗಿಹೋದ ಗಂಟಲುಗಳು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡಕಾಡಿದವು, ಕೆಲವರು ಮೇಲೇರಲು ಹೋಗಿ ಕೆಮ್ಮಿದರು, ಪಕ್ಕದಲ್ಲಿದ್ದ ಹೆಂಗಸರು ನಕ್ಕರು. ಮೂರನೆಯ ಸುತ್ತಿನ ಹೊತ್ತಿಗೆ ಕೆಳಗಿನ ಸ್ಥಾಯಿಯಲ್ಲಿ ಒಂದು ಗುಂಯ್‌ಗುಡುವ ದನಿ ಎದ್ದಿತು. ಮೇಲೆ ಹೆಂಗಸರ ದನಿ, ಕೆಳಗೆ ಈ ಗುಂಯ್, ನಡುವೆ ತಮಟೆ. ಶ್ರುತಿ ಅಲ್ಲಲ್ಲಿ ಉಜ್ಜುತ್ತಿತ್ತು. ನಾನು ಈ ಬೆಲ್ಟಿನಲ್ಲಿ ಕೇಳಿರುವ ಹಾಡಿಕೆಗಳಲ್ಲಿ ಅದು ತೀರಾ ಒಳ್ಳೆಯದು. ಅದು ನಿರ್ದೇಶಕರಿಲ್ಲದೆಯೂ ಆಗುತ್ತಿರಲಿಲ್ಲ, ಅವರು ವೇದಿಕೆಯ ಮೇಲೇ ನಿಂತಿದ್ದರೂ ಆಗುತ್ತಿರಲಿಲ್ಲ.

ಮುಂದಿನ ಏಪ್ರಿಲ್‌ನ ಬಗ್ಗೆ ಆಮೇಲೆ ಸಭೆ ಸೇರಿತು. ಹೊಸ ಹಾಡು ಯಾರು ಬರೆಯುತ್ತಾರೆ, ಗಾರ್ಮೆಂಟ್ಸಿನ ಹೆಂಗಸರೇ ಕಟ್ಟಿರುವ ಎರಡು ಪದ ಇವೆಯಂತೆ, ಅವನ್ನು ತೆಗೆದುಕೊಳ್ಳುವುದೇ ಎಂಬೆಲ್ಲ ಚರ್ಚೆ ನಡೆಯಿತು. ನನ್ನ ಕೈಲಿ ಡಿಸೆಂಬರ್ 6ರ ಕಾರ್ಯಕ್ರಮದ ಕರಪತ್ರ ಇತ್ತು. ಅದರಲ್ಲಿ ಇಪ್ಪತ್ತೊಂದು ಹಾಡುಗಾರರ ಹೆಸರು ಒಂದರ ಕೆಳಗೊಂದು ಅಚ್ಚಾಗಿದೆ. ಕೊನೆಯಲ್ಲಿ 'ಮತ್ತು ತಮಟೆಯವರು' ಎಂದಿದೆ. ಕರಪತ್ರ ಬರೆದು ಅಚ್ಚು ಹಾಕಿಸಿದ್ದು ನಿರ್ದೇಶಕರಲ್ಲ, ತಂಡದ ಸಮಿತಿಯವರು.